ಅಶರೀರವಾಣಿಯ ಸಂಜೆ

ಪುರಾಣಗಳಲ್ಲಿ ಬರುವ ಅಶರೀರವಾಣಿಗೆ ಒಂದು ಸ್ವಭಾವವುಂಟು. ಕೇಳುವವನ ಇಷ್ಟಾನಿಷ್ಟಗಳನ್ನು ವಿಚಾರಿಸಿ ಅದು ನುಡಿಯುವುದಿಲ್ಲ. ಕಂಸನು ತಂಗಿಯ ಮದುವೆಯ ದಿಬ್ಬಣದಲ್ಲಿ ಸಂತೋಷದಿಂದ ರಥ ನಡೆಸುತ್ತಿದ್ದಾಗಲೇ ಅವನಿಗೆ ಬೇಡವಾದ ಮಾತು ಆಕಾಶದಿಂದ ಕೇಳಿಬಂದಿತು. ನಮ್ಮ ಯಾದವಗಿರಿಯ ಆಕಾಶವಾಣಿಯೂ ಒಂದು ಕಾಲದಲ್ಲಿ ಹಾಗೆಯೇ ಇದ್ದಿತೆಂದರೆ ವಾಚಕರು ನಗಬಾರದು.

1935ನೆಯ ಇಸವಿ ಸೆಪ್ಟೆಂಬರ್ 10ರಂದು, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ, ಕೇವಲ 30 ವಾಟ್ ಶಕ್ತಿಯ ಯಂತ್ರದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಪುಟ್ಟ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಭಾರತದೇಶದ ಬಾನುಲಿಗೆಲ್ಲ ಸಂದಿತು. 1955ರಲ್ಲಿ ನಿಲಯವು ಬೆಂಗಳೂರಿಗೆ ಹೋಗಿ, 1974ರಲ್ಲಿ ಮೈಸೂರಿನಿಂದ ಪ್ರಸಾರವು ಪುನಃ ಮೊದಲಾಯಿತು. ಆಗ ನಮಗೆ ಹತ್ತು ವರ್ಷ.

ದೂರದರ್ಶನವೆಂಬುದನ್ನು ಆಗಿನ ಮೈಸೂರು ಕಂಡಿರಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಅದು ಬಂದಿತಾದರೂ, ಅರಮನೆಯ ಊರಿನವರಾದ ನಮಗೆ ರೇಡಿಯೋ ಒಂದೇ ಗತಿ. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಅದರ ಮುಂದೆ ಕೂಡುತ್ತಿದ್ದರು. ರೈತರಿಗೆ ಬತ್ತದ ರೋಗದ ಮಾತು, ವಾರ್ತೆ, ಶಾಸ್ತ್ರೀಯ ಸಂಗೀತ, ಒಂದೊಂದು ದಿನ ನಾಟಕ, ನಡುವೆ ನಾವು ಕಾದಿರುತ್ತಿದ್ದ ಚಿತ್ರಗೀತೆ. ನಮಗೆ ಅಂಗೈಯಗಲ ಗದ್ದೆಯೂ ಇರಲಿಲ್ಲ. ರೈತರ ಕಾರ್ಯಕ್ರಮವನ್ನು ನಿಲ್ಲಿಸಹೋದರೆ ನಮ್ಮ ಅಜ್ಜಿ, "ಇರಲಿ ಬಿಡೋ, ಬತ್ತದ ಸುದ್ದಿ ತಿಳಿಯದೆ ಅನ್ನ ಉಣ್ಣಬಾರದು" ಎನ್ನುತ್ತಿದ್ದರು. ಅಕ್ಷರವರಿಯದ ಆಕೆ ಕೇಳಿದ್ದನ್ನೆಲ್ಲ ಊಟದ ಹೊತ್ತಿಗೆ ಎತ್ತಿ ಪ್ರಶ್ನಿಸುವರು. ತಿಳಿದಷ್ಟು ಉತ್ತರ ಹೇಳದೆ ಎಲೆಯಿಂದ ಏಳುವಂತಿರಲಿಲ್ಲ.

ಇದು ಬಡದೇಶದ ಕೊರತೆಯೆಂದು ಯಾರಾದರೂ ಹೇಳಬಹುದು. ಆದರೆ ಅದೇ ವರ್ಷಗಳಲ್ಲಿ ಸಿರಿವಂತವಾದ ಬ್ರಿಟನ್ನಿನಲ್ಲಿಯೂ ದೂರದರ್ಶನಕ್ಕೆ ಇದ್ದುದು ಮೂರೇ ವಾಹಿನಿಗಳು. ನಾಲ್ಕನೆಯದು ಬಂದದ್ದು 1982ರಲ್ಲಿ. ಅಲ್ಲಿಯ ಸಂಜೆಗಳಲ್ಲಿಯೂ ಹಾಸ್ಯ, ವಾರ್ತೆ, ನಾಟಕ, ಕಾಲ್ಚೆಂಡಿನಾಟಗಳು ಒಂದರ ಹಿಂದೊಂದು ಬರುತ್ತಿದ್ದುವು. ಜೀವಜಾಲದ ವಿಕಾಸವನ್ನು ವಿವರಿಸಿದ ಡೇವಿಡ್ ಅಟೆನ್‌ಬರೋ ಅವರ 1979ರ ಮಾಲಿಕೆಯನ್ನು ನಗೆನಾಟಕಕ್ಕಾಗಿ ಕಾದವರೂ ನೋಡಿರಬೇಕು. ಬಯಸಿದ್ದರ ಪಕ್ಕದಲ್ಲಿ ಬಯಸದಿದ್ದುದೂ ಬಂದು ಕುಳಿತುಕೊಳ್ಳುತ್ತಿದ್ದಿತು.

ಇಂದಾದರೋ ನಮ್ಮ ಮನೆಯ ನಾಲ್ವರಿಗೆ ನಾಲ್ಕು ಯಂತ್ರಗಳಿವೆ. ಪ್ರತಿಯೊಂದೂ ತನ್ನ ಒಡೆಯನ ರುಚಿಯನ್ನರಿತು ಅದನ್ನೇ ಬಡಿಸುತ್ತದೆ. ಯಾರಿಗೂ ಬೇಸರವಿಲ್ಲ, ಊಟಕ್ಕೆ ಕುಳಿತರೆ ಆಡುವುದಕ್ಕೆ ಮಾತೂ ಇಲ್ಲ.

ಕಳೆದ ತಿಂಗಳು ನಾವು ಒಂದು ಪ್ರಯೋಗ ಮಾಡಿದೆವು. ಭಾನುವಾರ ಸಂಜೆ ಒಂದು ಗಂಟೆ ಹಳೆಯ ರೇಡಿಯೋ ಮಾತ್ರ ಎಂದೆವು. ಮೊದಲ ವಾರ ಮೊಮ್ಮಗನು ಮುಖ ಗಂಟಿಕ್ಕಿ ಎದ್ದುಹೋದನು. ಎರಡನೆಯ ವಾರ ನಮಗೇ ತೂಕಡಿಕೆ ಬಂದಿತೆಂಬುದನ್ನು ಮುಚ್ಚಿಡಲಾರೆವು. ಮೂರನೆಯ ವಾರ ವೀಣಾವಾದನ ಬರುತ್ತಿರಲು ಹುಡುಗನು, "ತಾತ, ಇದು ಯಾವ ರಾಗ?" ಎಂದನು. ಸಂಸ್ಕೃತ ಕಲಿಸಿ ಬಾಳು ಸವೆಸಿದ ನಮಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಸೊಸೆಯು, "ಮುಖಾರಿ, ಮಾವ" ಎಂದಳು. ಆಕೆ ತವರಿನಲ್ಲಿ ಆರು ವರ್ಷ ವೀಣೆ ಕಲಿತಿದ್ದಳಂತೆ. ಹನ್ನೆರಡು ವರ್ಷಗಳಿಂದ ಒಂದೇ ಸೂರಿನಡಿ ಇದ್ದರೂ ನಾವು ಅದನ್ನು ಕೇಳಿದವರಲ್ಲ, ಆಕೆ ಹೇಳಿದವಳಲ್ಲ.

ಅಂದಿನ ಊಟ ಮುಗಿಯುವ ಹೊತ್ತಿಗೆ ಗಂಟೆ ಹತ್ತು ಹೊಡೆಯಿತು. ಕಾಲಚಕ್ರವನ್ನು ಹಿಂದಕ್ಕೆ ತಿರುಗಿಸಬೇಕೆಂದು ನಾವು ಹೇಳುತ್ತಿಲ್ಲ. ವಾರಕ್ಕೊಂದು ಗಂಟೆಯಾದರೂ, ತಮ್ಮ ಇಷ್ಟವನ್ನು ಕೇಳದೆ ನುಡಿಯುವ ವಾಣಿಯೊಂದರ ಮುಂದೆ ಮನೆಯವರೆಲ್ಲ ಕೂಡಿ ಕುಳಿತರೆ ನಷ್ಟವೇನೂ ಇಲ್ಲ. ತವರಿನಲ್ಲಿರುವ ಆ ವೀಣೆಯನ್ನು ಮುಂದಿನ ವಾರ ತರಿಸುವುದೆಂದು ನಿಶ್ಚಯವಾಗಿದೆ.