ಒಂದೇ ದಿನದ ಅಳತೆ

ಮೂರು ವಾರಗಳ ಕಾಲ, ದಿನಕ್ಕೊಂದು ಹಂತದಂತೆ ನಡೆಯುವ ಬೈಸಿಕಲ್ ಪಂದ್ಯಗಳು ಯೂರೋಪಿನಲ್ಲಿ ಪ್ರಸಿದ್ಧವಾಗಿವೆ. 1903ರಲ್ಲಿ ಮೊದಲಾದ ಟೂರ್ ಡಿ ಫ್ರಾನ್ಸ್ ಇವುಗಳಲ್ಲಿ ಹಿರಿಯದು. ಈಗ ಅದರಲ್ಲಿ 21 ಹಂತಗಳು, ಸುಮಾರು 3,400 ಕಿಲೋಮೀಟರು ದಾರಿ. ಇಂಥ ಪಂದ್ಯದಲ್ಲಿ ನಿನ್ನೆ ಪರ್ವತವನ್ನು ಲೀಲೆಯಿಂದ ಏರಿದ ಸವಾರನು ಇಂದು ಬಳಲಿ ಹಿಂದುಳಿಯುವುದುಂಟು. ಎರಡು ದಿನ ಕಳೆದು ಮತ್ತೆ ಮೊದಲಿಗನಾಗುವುದೂ ಉಂಟು. ಇದನ್ನು ಕಂಡವರು ಕೂಡಲೇ ತೀರ್ಪು ಕೊಡುತ್ತಾರೆ: ಅವನಿಗೆ ಧೈರ್ಯ ಸಾಲದು, ಇಲ್ಲವೆ ಅವನು ಮದ್ದು ಸೇವಿಸಿದ್ದಾನೆ. ಈ ಎರಡೂ ಅವಸರದ ತೀರ್ಪುಗಳೆಂದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಸೈಮನ್ ಯೇಟ್ಸ್ 2018ರ ಇಟಲಿಯ ಪಂದ್ಯದಲ್ಲಿ 13 ದಿನ ಅಗ್ರಸ್ಥಾನದಲ್ಲಿದ್ದನು. 19ನೆಯ ಹಂತದಲ್ಲಿ, 2,178 ಮೀಟರು ಎತ್ತರದ ಫಿನೆಸ್ಟ್ರೆ ಕಣಿವೆದಾರಿಯಲ್ಲಿ ಅವನ ಶಕ್ತಿ ಉಡುಗಿ, ಅಂದೇ 38 ನಿಮಿಷಗಳಿಗೂ ಹೆಚ್ಚು ಹಿಂದುಳಿದನು. ಆದರೆ ಅದೇ ವರ್ಷ ಸ್ಪೇನಿನ ಮೂರು ವಾರಗಳ ಪಂದ್ಯವನ್ನು ಗೆದ್ದನು. 2025ರಲ್ಲಿ ಅದೇ ಫಿನೆಸ್ಟ್ರೆಯ ಏರಿನಲ್ಲಿ ಎದುರಾಳಿಗಳನ್ನು ಹಿಂದಿಕ್ಕಿ ಇಟಲಿಯ ಪಂದ್ಯವನ್ನೂ ತನ್ನದಾಗಿಸಿಕೊಂಡನು. 2018ರ ಆ ಒಂದು ದಿನವನ್ನೇ ಅವನ ಯೋಗ್ಯತೆಯೆಂದು ಬರೆದಿಟ್ಟಿದ್ದರೆ ಎಂಥ ತಪ್ಪಾಗುತ್ತಿತ್ತು!

ಈ ಏರಿಳಿತಕ್ಕೆ ಕಾರಣವೇನು? ನಮ್ಮ ಮಾಂಸಖಂಡಗಳೂ ಯಕೃತ್ತೂ ಗ್ಲೈಕೋಜನ್ ಎಂಬ ಶರ್ಕರಪಿಷ್ಟವನ್ನು ಸಂಗ್ರಹಿಸಿಡುತ್ತವೆ. ಆ ಉಗ್ರಾಣ ಚಿಕ್ಕದು. ತುಂಬಿದಾಗಲೂ ಅದರಿಂದ ದೊರೆಯುವುದು ಸುಮಾರು 2,000 ಕಿಲೋಕ್ಯಾಲೊರಿ. ಪರ್ವತದ ಒಂದು ದಿನದ ಪಯಣಕ್ಕೆ ಅದರ ಎರಡು ಪಟ್ಟಿಗೂ ಮಿಗಿಲಾದ ವೆಚ್ಚ ತಗಲುತ್ತದೆ. ಕೊರತೆಯನ್ನು ಕೊಬ್ಬೂ ದಾರಿಯಲ್ಲಿ ತಿಂದ ಆಹಾರವೂ ತುಂಬಬೇಕು. ಬರಿದಾದ ಉಗ್ರಾಣ ಮತ್ತೆ ತುಂಬಲು ಸುಮಾರು ಒಂದು ಹಗಲಿರುಳು ಬೇಕು. ಆದರೆ ಮರುದಿನವೇ ಮತ್ತೊಂದು ಪರ್ವತ ಕಾದಿರುತ್ತದೆ. ಒಂದು ರಾತ್ರಿ ನಿದ್ರೆ ಕೆಟ್ಟರೆ, ಬಿಸಿಲಿನಲ್ಲಿ ಬೆವರು ಹೆಚ್ಚಾಗಿ ಹರಿದರೆ, ಹೊಟ್ಟೆ ಆಹಾರವನ್ನು ಒಲ್ಲೆನೆಂದರೆ ಲೆಕ್ಕ ತಪ್ಪುತ್ತದೆ. ಸಮಬಲರ ನಡುವೆ ಅಷ್ಟೇ ಸಾಕು.

ಸಂಶಯಕ್ಕೆ ಆಧಾರವೇ ಇಲ್ಲವೆಂದಲ್ಲ. 2006ರ ಟೂರ್ ಡಿ ಫ್ರಾನ್ಸಿನಲ್ಲಿ ಫ್ಲಾಯ್ಡ್ ಲ್ಯಾಂಡಿಸ್ ಒಂದು ದಿನ ಕುಸಿದು ಮರುದಿನ ಅದ್ಭುತವಾಗಿ ಗೆದ್ದನು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಪಟ್ಟವನ್ನು ಕಳೆದುಕೊಂಡನು. ಆದರೆ ಅಪರಾಧವನ್ನು ತೋರಿಸಿಕೊಟ್ಟದ್ದು ಪ್ರಯೋಗಶಾಲೆ; ಬರಿಯ ಏರಿಳಿತವಲ್ಲ. 2023ರಲ್ಲಿ ತಾದೇಯ್ ಪೊಗಾಚಾರ್ 17ನೆಯ ಹಂತದಲ್ಲಿ ಪ್ರತಿಸ್ಪರ್ಧಿಗಿಂತ 5 ನಿಮಿಷ 45 ಸೆಕೆಂಡು ಹಿಂದುಳಿದು, ಮೂರು ದಿನಗಳ ಮೇಲೆ 20ನೆಯ ಹಂತವನ್ನು ಗೆದ್ದನು. ಬಳಲಿ ಚೇತರಿಸಿಕೊಳ್ಳುವುದು ದೇಹಧರ್ಮ.

ದೂರದೇಶದ ಈ ಮಾತು ನಮಗೇಕೆ ಎನ್ನಬೇಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿ ಪಾವಗಡದ ಗಡಿಹಳ್ಳಿಯ ಹುಡುಗಿ ಕ್ರೀಡಾಕೂಟಕ್ಕೆಂದು ಮಧುಗಿರಿಗೆ ಬರಬೇಕಾದರೆ ನಸುಕಿನಲ್ಲೇ ಎದ್ದು, ಅರೆಹೊಟ್ಟೆಯಲ್ಲಿ ಬಸ್ಸು ಹಿಡಿಯಬೇಕಾದೀತು. ಊರಿನಲ್ಲೇ ಮಲಗಿ ಎದ್ದು ತಿಂಡಿ ತಿಂದು ಬಂದವಳೊಡನೆ ಅವಳು ಬಿಸಿಲೇರಿದ ಮೇಲೆ ಓಡುತ್ತಾಳೆ. ಒಂದೇ ಓಟ, ಒಂದೇ ಗಡಿಯಾರ. ಅಲ್ಲಿಗೆ ಆಯ್ಕೆ ಮುಗಿಯಿತು. ನಾವು ಅಳೆದದ್ದು ಅವಳ ಸಾಮರ್ಥ್ಯವನ್ನೋ, ಬಸ್ಸಿನ ವೇಳೆಯನ್ನೋ?

ಲೋಲಕದ ಆಂದೋಲನ ಕಾಲವನ್ನು ಒಂದೇ ಸಲ ಅಳೆದು ಬರೆದರೆ ಯಾವ ವಿಜ್ಞಾನ ಅಧ್ಯಾಪಕರೂ ಒಪ್ಪುವುದಿಲ್ಲ. ಆಕಸ್ಮಿಕ ದೋಷಗಳು ಪರಸ್ಪರ ಸಂಬಂಧವಿಲ್ಲದವಾದರೆ, ನಾಲ್ಕು ಅಳತೆಗಳ ಸರಾಸರಿಯಲ್ಲಿ ದೋಷ ಅರ್ಧಕ್ಕಿಳಿಯುತ್ತದೆಂಬುದು ಗಣಿತದ ಮಾತು. ನಿರ್ಜೀವ ಗುಂಡಿಗೆ ಸಲ್ಲುವ ಈ ನ್ಯಾಯ ಜೀವವುಳ್ಳ ಮಕ್ಕಳಿಗೆ ಸಲ್ಲಬಾರದೇ?

ಎರಡನೆಯ ಕ್ರೀಡಾಕೂಟಕ್ಕೆ ಹಣವೆಲ್ಲಿದೆ ಎಂದು ಕೇಳಬಹುದು. ಕೂಟ ಒಂದೇ ಇರಲಿ. ಅದಕ್ಕೆ ಮುಂಚಿನ ತಿಂಗಳಲ್ಲಿ ಪ್ರತಿ ಶಾಲೆಯಲ್ಲಿಯೂ ಬೇರೆ ಬೇರೆ ದಿನಗಳಲ್ಲಿ ನಾಲ್ಕು ಸಲ ಓಡಿಸಿ, ಸಮಯವನ್ನು ಪುಸ್ತಕದಲ್ಲಿ ಬರೆದಿಡಲಿ. ಆಯ್ಕೆ ಮಾಡುವವರು ಅದನ್ನೂ ನೋಡಲಿ. ಇದಕ್ಕೆ ಬೇಕಾದುದು ಒಂದು ಗಡಿಯಾರ, ಒಂದು ನೋಟುಪುಸ್ತಕ, ಸ್ವಲ್ಪ ತಾಳ್ಮೆ.

ವಿದ್ಯಾರ್ಥಿಗಳೂ ಇದನ್ನು ಪರೀಕ್ಷಿಸಿ ನೋಡಬಹುದು. ಬೈಸಿಕಲ್ಲಿನಲ್ಲಿ ಶಾಲೆಗೆ ಹೋಗುವವರು ಹತ್ತು ದಿನ ಅದೇ ದಾರಿಯ ಕಾಲವನ್ನೂ, ಹಿಂದಿನ ರಾತ್ರಿಯ ನಿದ್ರೆಯನ್ನೂ, ಬೆಳಗಿನ ಆಹಾರವನ್ನೂ, ಗಾಳಿಯ ದಿಕ್ಕನ್ನೂ ಬರೆದಿಡಲಿ. ಹತ್ತು ಅಂಕಿಗಳೂ ಒಂದೇ ಆಗಿರುವುದು ಅಪರೂಪ. ಅವುಗಳಲ್ಲಿ ಅತಿ ಕೆಟ್ಟದ್ದೊಂದನ್ನೇ ಆರಿಸಿ 'ನೀನು ಇಷ್ಟೇ' ಎಂದು ಯಾರಾದರೂ ಹೇಳಿದರೆ, ಆ ಪುಸ್ತಕವನ್ನು ಅವರ ಮುಂದಿಡಲಿ.