ಒತ್ತಕ್ಷರದ ಹೊಣೆ
ಕನ್ನಡ, ತಮಿಳು ಎರಡೂ ಬಳಕೆಯಲ್ಲಿರುವ ತಾಳವಾಡಿ ಸೀಮೆಯ ಗೆಟ್ಟವಾಡಿಯಂಥ ಊರಿಗೆ ಆ ಎರಡರಲ್ಲೂ ಬೆಳೆಪಟ್ಟಿ ಮುದ್ರಿಸುವ ತಂತ್ರಾಂಶ ಕಟ್ಟಹೊರಟವರು, ಲೈಬ್ರರಿಯನ್ನು, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಎಲ್ಲಿ ಬಳಸಬೇಕೆಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಊರಿನ ಹೆಸರನ್ನೇ ನೋಡಬಹುದು: ಯೂನಿಕೋಡಿನಲ್ಲಿ ಎರಡು ‘ಟ’ಗಳ ನಡುವೆ ಸ್ವರವಿಲ್ಲವೆಂದು ಸೂಚಿಸುವ ಚಿಹ್ನೆಯೊಂದಿರುತ್ತದೆ; ಅದನ್ನು ಕಂಡು ಕನ್ನಡದಲ್ಲಿ ಎರಡನೆಯ ‘ಟ’ ಒತ್ತಾಗಿ ಕೆಳಗಿಳಿಯಬೇಕು, ತಮಿಳಿನಲ್ಲಿ ಮೊದಲನೆಯದರ ನೆತ್ತಿಗೆ ಚುಕ್ಕಿ ಬಿದ್ದು ಎರಡೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಬಳಕೆಯಾಗಿ ಪಳಗಿರುವ ಹಾರ್ಫ್‌ಬಜ್ ಲೈಬ್ರರಿ ಈ ಕೆಲಸವನ್ನು ಮಾಡುತ್ತಿರುವಾಗ ಅದನ್ನು ಹೊಸದಾಗಿ ಬರೆಯುವುದು ಬರೀ ಹಟ. ಹೀಗೆ ಎಲ್ಲರೂ ತಮ್ಮದೇ ದಾರಿ ಹಿಡಿದು ತಂತ್ರಾಂಶಕ್ಕೊಂದು ಸಂಕೇತಕ್ರಮವಿದ್ದ ಕಾಲದಲ್ಲಿ ಒಂದರ ಕಡತವನ್ನು ಇನ್ನೊಂದರಲ್ಲಿ ತೆರೆಯಲು ಪಟ್ಟ ಪಾಡನ್ನು ಹಳೆಯ ಕನ್ನಡ ತಂತ್ರಾಂಶಗಳನ್ನು ಬಳಸಿದವರು ಮರೆತಿರಲಾರರು. ಬೆಳೆಪಟ್ಟಿಯಲ್ಲಿ ಬರುವ ರಾಗಿಯ ತಳಿಗಳಿಗೆ ಆ ಸೀಮೆಯವರು ಎರಡು ನುಡಿಗಳಲ್ಲಿ ಇಟ್ಟುಕೊಂಡ ಹೆಸರುಗಳ ಕೋಷ್ಟಕವಾದರೋ ಎರವಲು ತರುವಂಥದ್ದಲ್ಲ. ಅದನ್ನು ಊರವರನ್ನೇ ಕೇಳಿ, ಒಂದೊಂದಾಗಿ ಬರೆದುಕೊಳ್ಳಬೇಕು.