ವಿದ್ಯಾ ಇಲಾಖೆಯ ಕಾಗದಪತ್ರಗಳೂ ಪ್ರಜೆಗಳ ಹಕ್ಕೂ

ಅರ್ಧ ಎಕರೆ ಹೊಲದ ಕ್ರಯಪತ್ರವನ್ನು ನೋಂದಣಿಗೆ ತಂದ ರೈತನು ಅದರಲ್ಲಿ ಒಂದು ಅಕ್ಷರವನ್ನು ಹೊಡೆದುಹಾಕಿದ್ದರೂ, ಸಾಲುಗಳ ನಡುವೆ ಒಂದು ಮಾತನ್ನು ಸೇರಿಸಿದ್ದರೂ, ಅಲ್ಲಿ ಬರೆದುಕೊಟ್ಟವರ ರುಜು ಇರಬೇಕು. ಇಲ್ಲದಿದ್ದರೆ ಅಂತಹ ಪತ್ರವನ್ನು ಸ್ವೀಕರಿಸದಿರಲು 1908ರ ನೋಂದಣಿ ಕಾಯಿದೆಯ 20ನೆಯ ಸೆಕ್ಷನ್ನು ಅಧಿಕಾರಿಗೆ ಅಧಿಕಾರವನ್ನಿತ್ತಿದೆ. ಇದು ಅನ್ಯಾಯವೆಂದು ಯಾರೂ ಹೇಳಲಾರರು. ತಿದ್ದುವುದು ದೋಷವಲ್ಲ, ತಿದ್ದಿದ ಗುರುತನ್ನು ಉಳಿಸದಿರುವುದೇ ದೋಷ. ಕೋಟ್ಯಂತರ ಮಕ್ಕಳ ವಿದ್ಯಾಭ್ಯಾಸವನ್ನು ನಿರ್ಣಯಿಸತಕ್ಕ ಕಾಗದಪತ್ರಗಳನ್ನು ಜಾಲತಾಣಗಳಲ್ಲಿ ಪ್ರಕಟಿಸುವಾಗಲೂ ತಿದ್ದುವಾಗಲೂ ಸರ್ಕಾರದವರು ಇದೇ ನಿಯಮವನ್ನು ತಮಗೆ ತಾವೇ ವಿಧಿಸಿಕೊಳ್ಳಬೇಡವೇ ಎಂಬುದು ನಮ್ಮ ಪ್ರಶ್ನೆ.

ಒಂದು ನಿದರ್ಶನವನ್ನು ವಾಚಕರು ಮರೆತಿರಲಾರರು. ಡಾ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಸಮಿತಿಯು ಸಿದ್ಧಪಡಿಸಿದ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು 2019ರ ಮೇ 31ರಂದು ಕೇಂದ್ರ ಸರ್ಕಾರದ ಕೈಸೇರಿ, ಜಾಲತಾಣದಲ್ಲಿ ಪ್ರಕಟವಾಯಿತು. ನಾನೂರೈವತ್ತಕ್ಕೂ ಮೀರಿದ ಪುಟಗಳ ಆ ಗ್ರಂಥದ ಒಂದು ವಾಕ್ಯದಲ್ಲಿ, ಹಿಂದಿಯಲ್ಲದ ರಾಜ್ಯಗಳ ಮಕ್ಕಳು ತಮ್ಮ ಪ್ರಾದೇಶಿಕ ಭಾಷೆ ಹಾಗೂ ಇಂಗ್ಲಿಷಿನೊಡನೆ ಹಿಂದಿಯನ್ನೂ ಕಲಿಯತಕ್ಕದ್ದೆಂಬ ಅರ್ಥವಿತ್ತು. ತಮಿಳುನಾಡಿನಲ್ಲಿಯೂ ನಮ್ಮ ಕರ್ನಾಟಕದಲ್ಲಿಯೂ ಪ್ರತಿಭಟನೆ ಎದ್ದಿತು. ಜೂನ್ 3ರಂದು ತಿದ್ದಿದ ಕರಡು ಬಂದಿತು. ಆ ವಾಕ್ಯದಿಂದ ಹಿಂದಿಯ ಹೆಸರು ಹೋಗಿತ್ತು. 2020ರ ಜುಲೈ 29ರಂದು ಅಂಗೀಕೃತವಾದ ನೀತಿಯಲ್ಲಿ ಯಾವ ರಾಜ್ಯದ ಮೇಲೂ ಯಾವ ಭಾಷೆಯನ್ನೂ ಹೇರಲಾಗದೆಂದು ಸ್ಪಷ್ಟಪಡಿಸಲಾಯಿತು. ಪ್ರಜಾಭಿಪ್ರಾಯಕ್ಕೆ ಸರ್ಕಾರವು ಕಿವಿಗೊಟ್ಟಿತೆಂಬುದು ಸಂತೋಷದ ಸಂಗತಿಯೇ. ಆದರೆ ಇಷ್ಟನ್ನು ವಿಚಾರಿಸಬೇಕು: ಪತ್ರಿಕೆಗಳೂ ಸಂಘಸಂಸ್ಥೆಗಳೂ ಕೂಗಿ ಹೇಳಿದುದರಿಂದ ಈ ಒಂದು ಬದಲಾವಣೆಯು ಊರಿಗೆಲ್ಲ ತಿಳಿಯಿತು. ಯಾರೂ ಕೂಗದ ಬದಲಾವಣೆಯು ತಿಳಿಯುವ ಬಗೆ ಹೇಗೆ?

ನಮ್ಮ ರಾಜ್ಯದ ಪಠ್ಯಪುಸ್ತಕಗಳ ಸ್ಥಿತಿಯೂ ಹೀಗೆಯೇ. 2022ರಲ್ಲಿ ಕೆಲವು ಪಾಠಗಳು ಬದಲಾದುವು. 2023ರ ಜೂನ್ ತಿಂಗಳಲ್ಲಿ ಸಚಿವ ಸಂಪುಟವು ಅವುಗಳಲ್ಲಿ ಕೆಲವನ್ನು ತಿರುಗಿ ಬದಲಾಯಿಸಲು ನಿಶ್ಚಯಿಸಿತು. ಯಾವ ಪಾಠ ಯೋಗ್ಯ, ಯಾವುದು ಅಯೋಗ್ಯ ಎಂಬ ವಾದವನ್ನು ಇಲ್ಲಿ ಎತ್ತುವುದು ನಮ್ಮ ಉದ್ದೇಶವಲ್ಲ. ಮೊಬೈಲಿನಲ್ಲಿ ಪುಸ್ತಕವನ್ನು ಇಳಿಸಿಕೊಂಡ ತಂದೆಯು, ತನ್ನ ಮಗಳು ಓದುತ್ತಿರುವುದು ಈ ವರ್ಷ ಪರೀಕ್ಷೆಗಿರುವ ಪಾಠವೋ ಕೈಬಿಟ್ಟ ಪಾಠವೋ ಎಂಬುದನ್ನು ಮೊದಲನೆಯ ಪುಟದಲ್ಲಿಯೇ ಅರಿಯುವಂತಿರಬೇಕು ಎಂಬುದಷ್ಟೇ ನಮ್ಮ ಮಾತು.

ಇನ್ನು ಸುತ್ತೋಲೆಗಳ ಪಾಡು. ರುಜು ಮೊಹರುಗಳಾದ ಹಾಳೆಯನ್ನು ಓರೆಯಾಗಿ ಚಿತ್ರ ತೆಗೆದು ವಾಟ್ಸಾಪಿಗೆ ಬಿಟ್ಟರೆ ಪ್ರಕಟಣೆಯು ಮುಗಿಯಿತೆಂಬ ಭಾವನೆ ಬೇರೂರಿದೆ. ಆ ಚಿತ್ರದಲ್ಲಿ ಒಂದು ಪದವನ್ನು ಹುಡುಕಲಾಗದು. ಕಣ್ಣಿಲ್ಲದ ಉಪಾಧ್ಯಾಯರಿಗೆ ಗಣಕಯಂತ್ರವು ಅದನ್ನು ಸರಿಯಾಗಿ ಓದಿ ಹೇಳಲಾರದು. ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚಾದ ಕಡತವಾದರೋ, ಪ್ರತಿಮಾಡಿದೊಡನೆ ಕನ್ನಡವಳಿದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುವುದು. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತುದು 1991ರಲ್ಲಿ. ಇಂದಿಗೂ ಈ ತೊಂದರೆ ಉಳಿದಿರುವುದಕ್ಕೆ ಯಾವ ಸಮಾಧಾನವನ್ನೂ ನಾವು ಕಾಣೆವು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ಹುಟ್ಟುವ ರಜೆಯ ಸುಳ್ಳು ಆದೇಶಗಳು ಹಬ್ಬುವುದೂ ಮೂಲವು ಸುಲಭವಾಗಿ ಕೈಗೆ ಸಿಗದಿರುವುದರಿಂದಲೇ.

ಕಾನೂನಿನ ಕೊರತೆಯೆಂದು ಹೇಳುವಂತಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಸೆಕ್ಷನ್ನು, ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕೆಂದೂ, ಪ್ರಕಟಣೆಯಲ್ಲಿ ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದೂ ವಿಧಿಸಿದೆ. 1957ರ ಕೃತಿಸ್ವಾಮ್ಯ ಕಾಯಿದೆಯು ರಾಜಪತ್ರದಲ್ಲಿ ಬಂದುದನ್ನೂ, ಸರ್ಕಾರವು ನಿಷೇಧಿಸದ ಹೊರತು ಶಾಸನಸಭೆಯ ಮುಂದಿಟ್ಟ ಸಮಿತಿಗಳ ವರದಿಗಳನ್ನೂ ಪುನರ್ಮುದ್ರಿಸಲು ಅವಕಾಶವನ್ನಿತ್ತಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ವಿದ್ಯುನ್ಮಾನ ರುಜುವಿಗೆ ಮಾನ್ಯತೆಯನ್ನು ಕೊಟ್ಟಿದೆ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ನಮ್ಮ ಕಚೇರಿಗಳು ನಿಜಮಾಡಬಾರದು.

ಹಳೆಯ ಪ್ರತಿಯನ್ನೂ ಉಳಿಸಿದರೆ ಜನರಿಗೆ ಗೊಂದಲವಾಗುವುದೆಂದು ಕೆಲವು ಅಧಿಕಾರಿಗಳು ಹೇಳಬಹುದು. ಗೊಂದಲವು ಈಗಲೇ ಇದೆ. ಹಳೆಯ ಪ್ರತಿಗಳು ಸಾವಿರಾರು ಮೊಬೈಲುಗಳಲ್ಲಿ ಉಳಿದೇ ಇವೆ. ಅದರ ಮೇಲೆ ‘ರದ್ದಾಗಿದೆ’ ಎಂದು ತಾರೀಖಿನೊಡನೆ ಬರೆದಿಡುವುದೇ ಗೊಂದಲಕ್ಕೆ ಮದ್ದು. ಪ್ರತಿಮಾಡಲು ಬರುವ ಅಕ್ಷರಗಳಲ್ಲಿ ಕೊಟ್ಟರೆ ದುಷ್ಟರು ತಿದ್ದಿಯಾರೆಂಬುದು ಇನ್ನೊಂದು ಭೀತಿ. ದುಷ್ಟರು ಚಿತ್ರವನ್ನೂ ತಿದ್ದಬಲ್ಲರು. ಯಾರು ಬೇಕಾದರೂ ಕ್ಷಣಮಾತ್ರದಲ್ಲಿ ತಾಳೆನೋಡಬಹುದಾದ ರುಜುವಾದ ಮೂಲವೊಂದಿದ್ದರೆ, ಸುಳ್ಳಿಗೆ ಆಯುಸ್ಸು ಕಡಿಮೆ.

ತಿದ್ದುವ ಕಾರ್ಯವು ಎಷ್ಟು ಸಾತ್ತ್ವಿಕವಾಗಬಹುದೆಂಬುದಕ್ಕೆ ನಮ್ಮಲ್ಲಿಯೇ ಮೇಲ್ಪಂಕ್ತಿ ಉಂಟು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣದಲ್ಲಿ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಪಾಠಸಾಮಗ್ರಿಯನ್ನು ಬರೆದು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಿ ಬೆಳೆಸಿದ್ದಾರೆ. ಅಲ್ಲಿ ಪ್ರತಿಯೊಂದು ಪುಟದ ಬದಲಾವಣೆಗಳ ಚರಿತ್ರೆಯೂ ಉಳಿಯುತ್ತದೆ. ಓಲೆಗರಿಗಳನ್ನು ಪ್ರತಿಮಾಡುತ್ತಿದ್ದ ನಮ್ಮ ಹಿರಿಯರಲ್ಲಿ ಅನೇಕರು ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನೂ ತಮ್ಮ ಹೆಸರನ್ನೂ ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡಿಕೊಳ್ಳುತ್ತಿದ್ದರು. ಇದೂ ಅದೇ ಮರ್ಯಾದೆ. ಪತ್ರಿಕೆಯವರಾದ ನಾವೂ, ಸುತ್ತೋಲೆಗಳನ್ನು ಹಂಚುವ ಉಪಾಧ್ಯಾಯ ಮಿತ್ರರೂ ಇದಕ್ಕೆ ಹೊರತಲ್ಲ. ಸಂಗ್ರಹಿಸಿದುದನ್ನು ಸಂಗ್ರಹವೆಂದೂ, ಅನುವಾದಿಸಿದುದನ್ನು ಅನುವಾದವೆಂದೂ ಹೇಳಿ, ಮೂಲದ ಸಂಖ್ಯೆಯನ್ನೂ ತಾರೀಖನ್ನೂ ಕೊಡುವುದು ನಮ್ಮ ಧರ್ಮ.

ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್ ತಿಂಗಳಲ್ಲಿ ತನ್ನ ವರದಿಯನ್ನು ಒಪ್ಪಿಸಿದೆ. ಹೊಸ ಪದ್ಧತಿಯನ್ನು ಆರಂಭಿಸಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಆ ವರದಿಯೂ ಅದರ ಮೇಲೆ ಹೊರಡತಕ್ಕ ಪ್ರತಿಯೊಂದು ಆದೇಶವೂ ಕನ್ನಡದಲ್ಲಿ, ಹುಡುಕಲು ಬರುವ ಅಕ್ಷರಗಳಲ್ಲಿ, ವಿದ್ಯುನ್ಮಾನ ರುಜುವಿನೊಡನೆ ದೊರೆಯಲಿ. ತಿದ್ದಿದಲ್ಲಿ ಹಳೆಯ ಮಾತು, ಹೊಸ ಮಾತು, ತಾರೀಖು, ಕಾರಣ ಇವು ಒಂದೆಡೆ ಕಾಣಲಿ. ಅವನ್ನು ಹಂಚಲೂ ಅನುವಾದಿಸಲೂ ಟಿಪ್ಪಣಿ ಬರೆಯಲೂ ಪ್ರಜೆಗಳಿಗೆ ನಿಸ್ಸಂದಿಗ್ಧವಾದ ಅನುಮತಿ ಇರಲಿ. ಇದಕ್ಕೆ ಬೇಕಾದುದು ಬೊಕ್ಕಸದ ಹಣಕ್ಕಿಂತ ಹೆಚ್ಚಾಗಿ ಕಚೇರಿಗಳ ಮನಸ್ಸು. ರೈತನಿಂದ ಕೇಳುವ ಪ್ರಾಮಾಣಿಕತೆಯನ್ನು ಸರ್ಕಾರದವರು ತಾವೂ ಆಚರಿಸಿ ತೋರಿಸುವರೆಂದು ನಾವು ನಂಬಿದ್ದೇವೆ.